ರೊಟ್ಟಿ ಹಂಚಿದವಳು ಕ್ಯಾಪ್ಟನ್

ಕಳೆದ ತಿಂಗಳು ಜಮಖಂಡಿಯ ನಮ್ಮ ಮನೆಗೆ ಒಬ್ಬ ಹುಡುಗಿ ಬಂದಿದ್ದಳು. ದೈಹಿಕ ಶಿಕ್ಷಕಿಯಾಗಿ ಹೊಸದಾಗಿ ಆರ್ಡರ್ ಸಿಕ್ಕಿದೆ. ಇಲಾಖೆಯ ತರಬೇತಿ ಮುಗಿಸಿಕೊಂಡು ನೇರವಾಗಿ ಬಂದಿದ್ದಳು. ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಕೊರಳಲ್ಲಿ ಇನ್ನೂ ಊದದ ಸೀಟಿ. ಪರದೆಯ ಮೇಲೆ ಚಿತ್ರ ತೋರಿಸಿ, ಆಟಗಾರರಲ್ಲಿ ನಾಯಕತ್ವದ ಗುಣ ಬೆಳೆಸುವುದು ಹೇಗೆಂದು ಹೇಳಿಕೊಟ್ಟರಂತೆ. "ಮೇಡಂ, ನಿಮ್ಮ ಕಾಲದಾಗ ಕ್ಯಾಪ್ಟನ್ನ ಹೆಂಗ ಆರಸ್ತಿದ್ರಿ?" ಎಂದು ಕೇಳಿದಳು.

"ರೊಟ್ಟಿ ನೋಡಿ" ಎಂದೆ.

ಅವಳು ಫೈಲು ತೆರೆದು ಬರೆದುಕೊಂಡಳು. ಬರೆದುಕೊಂಡ ಮೇಲೆ ನನ್ನ ಮುಖ ನೋಡಿದಳು. ವಯಸ್ಸಾದವರ ಜೊತೆ ಹೇಗೆ ಮಾತಾಡಬೇಕೆಂದು ತರಬೇತಿಯಲ್ಲಿ ಹೇಳಿರಲಿಲ್ಲವೆಂದು ಕಾಣುತ್ತದೆ, ಚಹಾ ಕುಡಿದು ಹೊರಟುಹೋದಳು. ಅವಳಿಗೆ ಸರಿಯಾಗಿ ಹೇಳಬೇಕಾಗಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಕೆಲಸದ ಬಗ್ಗೆ ಎರಡು ಮಾತು. ಪಿ.ಟಿ. ಟೀಚರೆಂದರೆ ಆಟ ಆಡಿಸುವವಳು ಎಂದು ತಿಳಿದು ಈ ನೌಕರಿಗೆ ಬಂದವರು ಆ ತಿಳಿವಳಿಕೆಯನ್ನು ಬೇಗ ಬಿಡುವುದು ಒಳ್ಳೆಯದು. ಪ್ರಾರ್ಥನೆಗೆ ಸಾಲು ನಿಲ್ಲಿಸುವುದು, ತಡವಾಗಿ ಬಂದವರನ್ನು ಗೇಟಿನಲ್ಲಿ ಹಿಡಿಯುವುದು, ಗಣಿತದ ಮಾಸ್ತರರು ರಜೆ ಹಾಕಿದರೆ ಆ ತಾಸಿನಲ್ಲಿ ಮಕ್ಕಳು ಗದ್ದಲ ಮಾಡದಂತೆ ಕಾಯುವುದು, ಮಂತ್ರಿಗಳು ಬಂದರೆ ಬ್ಯಾಂಡು ಹೊಡೆಸುವುದು, ಚುನಾವಣೆ ಬಂದರೆ ಚುನಾವಣೆಗೆ ಹೋಗುವುದು. ಇವೆಲ್ಲ ಮುಗಿದು ಸಮಯ ಉಳಿದರೆ, ಮಳೆ ಬರದಿದ್ದರೆ, ಮೈದಾನದಲ್ಲಿ ಯಾರೂ ಪೆಂಡಾಲು ಹಾಕಿರದಿದ್ದರೆ, ಆಟ.

ನಾನು ಮುಧೋಳದವಳು. ನಮ್ಮಪ್ಪ ಬೇಟೆನಾಯಿ ಸಾಕಿದ್ದರು. ಮುಧೋಳ ನಾಯಿಗೆ ಓಡುವುದನ್ನು ಯಾರೂ ಕಲಿಸಬೇಕಿಲ್ಲ, ಮೊಲ ಎಲ್ಲಿದೆ ಎಂದು ತೋರಿಸಿದರೆ ಸಾಕು ಎನ್ನುತ್ತಿದ್ದರು. ಮಕ್ಕಳದೂ ಹಾಗೇ ಇರಬೇಕೆಂದು ನಂಬಿ ನೌಕರಿಗೆ ಸೇರಿದೆ. ನಾಯಿಗಳಿಗೆ ಕ್ಯಾಪ್ಟನ್ ಬೇಕಾಗುವುದಿಲ್ಲ ಎಂಬುದು ಆಗ ತಲೆಗೆ ಹೊಳೆದಿರಲಿಲ್ಲ.

ಮೊದಲ ಶಾಲೆ ಬೀಳಗಿ ಕಡೆಯ ಒಂದು ಹಳ್ಳಿಯಲ್ಲಿ. ಅಲ್ಲಿ ಗಟ್ಟಿ ದನಿಯೇ ನಾಯಕತ್ವ ಎಂದು ತೀರ್ಮಾನಿಸಿ, ಹೊಲದಲ್ಲಿ ಹಕ್ಕಿ ಓಡಿಸಿ ದನಿ ಕುದುರಿಸಿಕೊಂಡಿದ್ದ ಒಬ್ಬ ಹುಡುಗಿಯನ್ನು ವಾಲಿಬಾಲ್ ಕ್ಯಾಪ್ಟನ್ ಮಾಡಿದೆ. ಪಂದ್ಯದಲ್ಲಿ ಚೆಂಡು ಬಂದಾಗಲೆಲ್ಲ ಅವಳು "ನಂದು!" ಎಂದು ಕೂಗುತ್ತಿದ್ದಳು. ಉಳಿದವರು ಮರ್ಯಾದಸ್ಥರು, ದಾರಿ ಬಿಟ್ಟು ನಿಲ್ಲುತ್ತಿದ್ದರು. ಚೆಂಡು ಆ ಮೂಲೆಗೆ ಬಿದ್ದರೂ ಅವಳದೇ, ಈ ಮೂಲೆಗೆ ಬಿದ್ದರೂ ಅವಳದೇ. ಪಂದ್ಯ ಬೇಗ ಮುಗಿದು ಮಧ್ಯಾಹ್ನದ ಬಸ್ಸಿಗೇ ಊರು ಮುಟ್ಟಿದೆವು. "ಭಾಳ ಲಗೂನ ಬಂದ್ರಲ್ರಿ!" ಎಂದು ಹೆಡ್‌ಮಾಸ್ತರರು ಮನಸಾರೆ ಸಂತೋಷಪಟ್ಟರು. ಗೇಟಿಗೆ ನಿಲ್ಲಲು ಅವರಿಗೆ ಜನ ಇರಲಿಲ್ಲ.

ಅಲ್ಲಿಂದ ಬನಹಟ್ಟಿಯ ಹೆಣ್ಣುಮಕ್ಕಳ ಹೈಸ್ಕೂಲಿಗೆ ಬಂದೆ. ಬನಹಟ್ಟಿ ನೇಕಾರರ ಊರು. ಪವರ್‌ಲೂಮಿನ ಸದ್ದು ನಿಂತರೆ ಊರಿನ ಜನ ಎದ್ದು ಕೂತು ಕರೆಂಟು ಹೋಯಿತೆಂದು ಬಯ್ಯುತ್ತಾರೆ. ಅಲ್ಲಿ ಶಿಕ್ಷಕಿಯರಿಗೆ ಮಕ್ಕಳು ಅಕ್ಕೋರು ಎನ್ನುತ್ತಿದ್ದರು; ನಾನು ಪೀಟಿ ಅಕ್ಕೋರು. ಅಲ್ಲಿನ ಆಟ ಖೋಖೋ. ಅಲ್ಲಿನ ಹೆಡ್‌ಮಾಸ್ತರರಿಗೆ ಹೆಚ್ಚು ಅಂಕ ತೆಗೆದವಳೇ ಎಲ್ಲದಕ್ಕೂ ಮುಂದಾಗಬೇಕು ಎಂಬ ನಂಬಿಕೆ. ಅವರ ಮಾತು ಕೇಳಿ ತರಗತಿಗೆ ಮೊದಲ ಸ್ಥಾನ ಪಡೆದವಳನ್ನು ಒಂದು ವರ್ಷ ಕ್ಯಾಪ್ಟನ್ ಮಾಡಿದೆ. ಅವಳು ಅಂಕಣದಲ್ಲಿ ಕುಳಿತು ವಿಜ್ಞಾನದ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡುತ್ತಿದ್ದಳು. ಬೆನ್ನಿಗೆ ಖೋ ಬಿದ್ದರೆ ಆ ವಾಕ್ಯ ಮುಗಿಸಿ ಏಳುತ್ತಿದ್ದಳು. ಪರೀಕ್ಷೆಯಲ್ಲಿ ಚೆನ್ನಾಗಿ ಪಾಸಾದಳು.

ರೊಟ್ಟಿಯ ಉಪಾಯ ಸಿಕ್ಕಿದ್ದು ಇದರ ನಂತರ. ಪಂದ್ಯಕ್ಕೆ ಹೋಗುವಾಗ ಪ್ರತಿ ಹುಡುಗಿಯೂ ಮನೆಯಿಂದ ವಸ್ತ್ರದಲ್ಲಿ ಕಟ್ಟಿದ ರೊಟ್ಟಿಯ ಗಂಟು ತರುತ್ತಾಳೆ. ಒಬ್ಬಳದು ಶೇಂಗಾ ಚಟ್ನಿ, ಒಬ್ಬಳದು ಪುಂಡಿಪಲ್ಲೆ, ಇನ್ನೊಬ್ಬಳದು ಬರೀ ಕಾರಪುಡಿ. ನಾನು ಎಲ್ಲ ಗಂಟುಗಳನ್ನೂ ಒಂದೇ ಕಡೆ ಬಿಚ್ಚಿಸುತ್ತಿದ್ದೆ. ಆಮೇಲೆ ಸುಮ್ಮನೆ ಕೂತು ನೋಡುತ್ತಿದ್ದೆ. ಯಾರೂ ಹೇಳದಿದ್ದರೂ ಒಬ್ಬಳು ಏಳುತ್ತಾಳೆ. ಕಾರಪುಡಿ ತಂದವಳು ಕೈ ಹಿಂದೆ ಸರಿಸಿದ್ದನ್ನು ನೋಡಿ ಅವಳಿಗೇ ಮೊದಲು ಪಲ್ಲೆ ಬಡಿಸುತ್ತಾಳೆ. ಕಾರ ಆಗದವಳಿಗೆ ಮೊಸರು ಎತ್ತಿಡುತ್ತಾಳೆ. ಎಲ್ಲರಿಗೂ ಕೊಟ್ಟು, ಕೊನೆಗೆ ಉಳಿದ ಮುರುಕು ರೊಟ್ಟಿಯನ್ನು ಅದೇ ರುಚಿಯೆನ್ನುವಂತೆ ತಿನ್ನುತ್ತಾಳೆ. ಅವಳೇ ಕ್ಯಾಪ್ಟನ್. ಹಲವು ವರ್ಷ ಈ ಲೆಕ್ಕ ತಪ್ಪಲಿಲ್ಲ. ಓಟದಲ್ಲಿ ಅವಳು ಹಿಂದಿದ್ದರೂ ನಡೆಯುತ್ತದೆ. ಉಳಿದವರು ಅವಳ ಮಾತು ಮೀರುವುದಿಲ್ಲ. ಊಟಕ್ಕೆ ಬಡಿಸಿದ ಕೈಗೆ ಮೈದಾನದಲ್ಲಿ ಎದುರಾಡುವುದು ಕಷ್ಟ.

ಈ ಗುಟ್ಟನ್ನು ನಾನು ಹಿಂದಿ ಕಲಿಸುವ ಅಕ್ಕೋರ ಮುಂದೆ ಒಂದು ದಿನ ಹೇಳಿದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮುಂದಿನ ಪಂದ್ಯದ ಹೊತ್ತಿಗೆ ಬನಹಟ್ಟಿಯ ತಾಯಂದಿರಿಗೆಲ್ಲ ಸುದ್ದಿ ಮುಟ್ಟಿತ್ತು. ಗಂಟುಗಳು ಇದ್ದಕ್ಕಿದ್ದಂತೆ ದೊಡ್ಡವಾದವು. ಹೋಳಿಗೆ ಬಂತು, ಕರ್ಚಿಕಾಯಿ ಬಂತು. ಗಂಟು ಬಿಚ್ಚಿದ ಕೂಡಲೇ ಎಲ್ಲ ಹುಡುಗಿಯರೂ ಹಂಚಲು ಎದ್ದು ನಿಂತರು. "ನೀ ಕುಂದರ, ನಾ ಹಂಚ್ತೇನಿ." "ಯಾಕ, ನೀ ಕುಂದರ." ಹಂಚುವವರೇ ಎಲ್ಲರೂ ಆಗಿ, ತಿನ್ನುವವರು ಇಲ್ಲವಾದರು. ಹಸಿದ ಹೊಟ್ಟೆಯಲ್ಲಿ ಆಡಿ ಸೋತು, ಅಷ್ಟೂ ರೊಟ್ಟಿಯನ್ನು ಊರಿಗೆ ವಾಪಸ್ ತಂದೆವು.

ಆ ಗದ್ದಲದಲ್ಲಿ ಒಬ್ಬಳು ಮಾತ್ರ ಕಾಲು ಮಡಚಿ ಕೂತು ಹೊಟ್ಟೆ ತುಂಬ ಉಂಡಳು. ಅವಳ ಹೆಸರು ಕಸ್ತೂರಿ. "ಎಲ್ಲಾರೂ ನಿಂತಾರ, ನೀ ಒಬ್ಬಾಕಿನ ಉಣ್ಣಾಕತ್ತೀಯಲ್ಲ?" ಎಂದರೆ "ಹಸಿವಾಗೈತ್ರಿ ಅಕ್ಕೋರ" ಎಂದಳು. ಇನ್ನೊಬ್ಬಳು ರೇಣುಕಾ. ಎಲ್ಲರೂ ಸೋತ ಮುಖ ಹೊತ್ತು ಬಸ್ಸು ಹತ್ತಿದ ಮೇಲೆ ಇವಳು ಚೆಲ್ಲಾಪಿಲ್ಲಿಯಾಗಿದ್ದ ವಸ್ತ್ರಗಳನ್ನು ಜಾಡಿಸಿ ಮಡಚಿ, ಯಾವುದು ಯಾರ ಮನೆಯದೆಂದು ಒಂದೂ ತಪ್ಪದಂತೆ ತಿರುಗಿ ಕೊಟ್ಟಳು. ಇವಳು ಹತ್ತನೆಯ ತರಗತಿಗೆ ಬಂದಾಗ ಕ್ಯಾಪ್ಟನ್ ಮಾಡಬೇಕೆಂದು ಅಂದೇ ನಿಶ್ಚಯಿಸಿದೆ. ಹಿಂದಿ ಅಕ್ಕೋರಿಗೆ ಹೇಳಲಿಲ್ಲ.

ಈ ಇಬ್ಬರದೂ ಒಂದೇ ಶೆಡ್ಡು. ಕಸ್ತೂರಿಯ ತಂದೆ ಚನಮಲ್ಲಪ್ಪ ಆ ಪವರ್‌ಲೂಮ್ ಶೆಡ್ಡಿನ ಮಾಲಕರು. ರೇಣುಕಾಳ ತಂದೆ ಈರಪ್ಪ ಅದರಲ್ಲಿ ಕೂಲಿಗೆ ನೇಯುವವನು. ಹುಡುಗಿಯರಿಬ್ಬರೂ ಆ ಮಗ್ಗಗಳ ನಡುವೆಯೇ ಆಡಿ ಬೆಳೆದವರು. ಆ ಸದ್ದಿನಲ್ಲಿ ಬಾಯಿಮಾತು ಕೇಳಿಸುವುದಿಲ್ಲ, ಹಾಗಾಗಿ ಶೆಡ್ಡಿನವರು ಕೈಸನ್ನೆಯಲ್ಲೇ ಸಂಸಾರ ಮಾಡುತ್ತಾರೆ. ಎರಡು ಬೆರಳು ಕೂಡಿಸಿ ಸರಕ್ಕನೆ ಬಿಡಿಸಿದರೆ ಎಳೆ ಹರಿಯಿತು, ಮಗ್ಗ ನಿಲ್ಲಿಸು ಎಂದರ್ಥ. ನಿಲ್ಲಿಸದಿದ್ದರೆ ಸೀರೆ ಹಾಳು.

ಕಸ್ತೂರಿಯಂಥ ಓಟಗಾರ್ತಿಯನ್ನು ನಾನು ನನ್ನ ಸರ್ವಿಸಿನಲ್ಲಿ ಮತ್ತೆ ಕಾಣಲಿಲ್ಲ. ಅವಳದು ಒಂದೇ ತಕರಾರು: ಖೋ ಕೊಡುತ್ತಿರಲಿಲ್ಲ. ಖೋಖೋದಲ್ಲಿ ಒಬ್ಬಳು ಬೆನ್ನಟ್ಟುತ್ತಾಳೆ, ಉಳಿದವರು ಸಾಲಾಗಿ ಕೂತಿರುತ್ತಾರೆ. ಬೆನ್ನಟ್ಟುವವಳು ಕೂತವಳ ಬೆನ್ನು ಮುಟ್ಟಿ ಖೋ ಎಂದರೆ ಅವಳು ಎದ್ದು ಓಡಬೇಕು, ಖೋ ಕೊಟ್ಟವಳು ಆ ಜಾಗದಲ್ಲಿ ಕೂರಬೇಕು. ಓಡುವುದನ್ನು ಯಾರಾದರೂ ಕಲಿಯುತ್ತಾರೆ, ಕೂರುವುದು ಕಷ್ಟ. ಕಸ್ತೂರಿ ಉಸಿರು ಹತ್ತುವವರೆಗೂ ತಾನೇ ಓಡುತ್ತಿದ್ದಳು. ನಾನು ಬೈದೆ, ಮೈದಾನ ಸುತ್ತಿಸಿದೆ, ಸೀಟಿ ಊದಿ ಊದಿ ನನ್ನ ಉಸಿರೂ ಹತ್ತಿತು. ಕೊನೆಗೆ ರೇಣುಕಾ ಕೂತಲ್ಲಿಂದಲೇ ಎರಡು ಬೆರಳು ಬಿಡಿಸಿ ತೋರಿಸಿದಳು. ಕಸ್ತೂರಿ ತಟ್ಟನೆ ಖೋ ಕೊಟ್ಟು ಕೂತಳು. ಅವಳಿಗೇ ಆಶ್ಚರ್ಯವಾಗಿತ್ತು. ಎಳೆ ಹರಿದಾಗ ಯೋಚಿಸುತ್ತ ನಿಲ್ಲುವ ಪದ್ಧತಿ ಆ ಶೆಡ್ಡಿನಲ್ಲಿ ಇರಲಿಲ್ಲ. ಸೀಟಿಯನ್ನು ಜೇಬಿಗೆ ಹಾಕಿಕೊಂಡೆ.

ಹತ್ತನೆಯ ತರಗತಿಯ ವರ್ಷ ರೇಣುಕಾ ಕ್ಯಾಪ್ಟನ್ ಎಂದು ಪ್ರಾರ್ಥನೆಯಲ್ಲಿ ಹೇಳಿದೆ. ಸಂಜೆಯೊಳಗೆ ಚನಮಲ್ಲಪ್ಪ ಶಾಲೆಗೆ ಬಂದರು. ಬಿಳಿ ಅಂಗಿ, ಹಣೆಯ ಮೇಲೆ ವಿಭೂತಿ, ಮಾತು ಬಹಳ ಮೆತ್ತಗೆ.

"ಅಕ್ಕೋರ, ತಪ್ಪ ತಿಳ್ಕೊಬ್ಯಾಡ್ರಿ. ನಮ್ಮ ಹುಡುಗಿ ಕ್ಯಾಪ್ಟನ್ ಆದ್ರ ಕಳಸ್ತೇನಿ. ಇಲ್ಲಂದ್ರ ಆಕಿ ಮನ್ಯಾಗ ಕುಂತು ಓದ್ಲಿ."

"ರೇಣುಕಾ ಛಲೋ ನಡಸ್ತಾಳ್ರಿ" ಎಂದೆ.

"ಛಲೋ ಇರಬಹುದ್ರಿ. ನಮ್ಮ ಮಗ್ಗದಾಗ ದುಡಿಯಾಂವನ ಮಗಳ ಮಾತು ಕೇಳಿ ನನ್ನ ಮಗಳು ಓಡೂದಂದ್ರ, ನಾಳಿ ಅವರಪ್ಪ ನನ್ನ ಮಾತು ಕೇಳ್ತಾನೇನ್ರಿ?"

ಇದಕ್ಕೆ ತರಬೇತಿಯಲ್ಲಿ ಈಗ ಉತ್ತರ ಹೇಳಿಕೊಡುತ್ತಾರೋ ಏನೋ. ಮಾತು ಕೊಟ್ಟ ಹುಡುಗಿಯನ್ನು ಕೆಳಗಿಳಿಸುವ ಹಾಗಿಲ್ಲ. ಕಸ್ತೂರಿಗೋ ಅದು ಕೊನೆಯ ವರ್ಷ. ಹತ್ತನೆಯದು ಮುಗಿದ ಮೇಲೆ ಅವರ ಮನೆಯ ಹುಡುಗಿಯರು ಮೈದಾನಕ್ಕೆ ಕಾಲಿಡುವ ರೂಢಿ ಇರಲಿಲ್ಲ. ಈ ಸಲ ತಪ್ಪಿದರೆ ಅವಳು ಮತ್ತೆಂದೂ ಓಡುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಹೆಡ್‌ಮಾಸ್ತರರನ್ನು ಕೇಳಿದರೆ, "ಇಬ್ಬರಾಗ ಹೆಚ್ಚ ಮಾರ್ಕ್ಸ್ ಯಾರ್ದ್ರಿ?" ಎಂದರು.

ಮರುದಿನ ಹುಡುಗಿಯರಿಬ್ಬರೂ ಕೂಡಿ ನನ್ನ ಹತ್ತಿರ ಬಂದರು. ಮಾತಾಡಿದವಳು ರೇಣುಕಾ. "ಅಕ್ಕೋರ, ಪೇಪರದಾಗ ಕಸ್ತೂರಿ ಹೆಸರ ಬರೀರಿ. ಮೈದಾನದಾಗ ನಾ ನೋಡ್ಕೊತೇನಿ."

"ನಿನಗ ಕೆಟ್ಟ ಅನಸಂಗಿಲ್ಲೇನ?"

"ಆಕಿ ಇರಲಿಲ್ಲಂದ್ರ ಗೆಲ್ಲಾಕ ಆಗಂಗಿಲ್ರಿ."

ಕಸ್ತೂರಿ ನೆಲ ನೋಡುತ್ತ, "ನನಗ ಆಡಾಕ ಸಿಕ್ಕರ ಆತ್ರಿ" ಎಂದಳು.

ಪಂದ್ಯಕ್ಕೆ ಕಳಿಸುವ ಪಟ್ಟಿಯಲ್ಲಿ ಹಾಗೆಯೇ ಬರೆದು ಸಹಿ ಹಾಕಿದೆ. ಕಾಗದದ ಮೇಲೊಬ್ಬ ಕ್ಯಾಪ್ಟನ್, ಮೈದಾನದಲ್ಲೊಬ್ಬ ಕ್ಯಾಪ್ಟನ್. ನಮ್ಮ ಕಡೆ ಪಂಚಾಯಿತಿಗಳೂ ಹೀಗೆ ನಡೆಯುವುದುಂಟು, ಯಾರಿಗೂ ವಿಚಿತ್ರವೆನಿಸಲಿಲ್ಲ.

ಆಗಿನ್ನೂ ನಮ್ಮದು ಜಮಖಂಡಿ ತಾಲೂಕು, ತಾಲೂಕು ಪಂದ್ಯ ಜಮಖಂಡಿಯಲ್ಲೇ. ಪಂದ್ಯದ ದಿನ ಚನಮಲ್ಲಪ್ಪ ಮಗ್ಗಗಳಿಗೆ ಸೂಟಿ ಕೊಟ್ಟು, ಒಂದು ಟೆಂಪೊ ಮಾಡಿ, ತಮ್ಮ ನೇಕಾರರನ್ನೆಲ್ಲ ಕರೆದುಕೊಂಡು ಬಂದರು. ಮಗಳು ಕ್ಯಾಪ್ಟನ್, ಚಪ್ಪಾಳೆಗೆ ಜನ ಬೇಡವೇ? ನೇಕಾರರು ಗೆರೆಯ ಪಕ್ಕದಲ್ಲಿ ಸಾಲಾಗಿ ಕೂತು, ಮಾಲಕರು ಕೈ ಎತ್ತಿದಾಗ ಹೊಡೆಯುತ್ತಿದ್ದರು, ಇಳಿಸಿದಾಗ ನಿಲ್ಲಿಸುತ್ತಿದ್ದರು. ಅವರ ನಡುವೆ ಈರಪ್ಪನೂ ಇದ್ದ. ಅವನಿಗೆ ಮಗಳು ಏನೂ ಹೇಳಿರಲಿಲ್ಲ. "ಕಸ್ತೂರಿಗಿ ಜೈ" ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗುತ್ತಿದ್ದವನು ಅವನೇ. ಸಹಿ ನನ್ನದೇ ಆಗಿದ್ದರಿಂದ ಯಾರ ಮೇಲೂ ಸಿಟ್ಟಾಗುವಂತಿರಲಿಲ್ಲ.

ಕೊನೆಯ ಪಂದ್ಯ ಸಮಸಮವಾಗಿ ಬಂತು. ನಮ್ಮವರು ಬೆನ್ನಟ್ಟುತ್ತಿದ್ದರು. ಎದುರಿನವರಲ್ಲಿ ಉಳಿದಿದ್ದವಳು ಒಬ್ಬಳೇ. ಅವಳು ಔಟಾದರೆ ಗೆಲುವು. ವೇಳೆ ಮುಗಿಯುತ್ತ ಬಂದಿತ್ತು. ಕಸ್ತೂರಿ ಅವಳ ಬೆನ್ನು ಹತ್ತಿದ್ದಳು, ಮೊಳ ದೂರ, ಗೇಣು ದೂರ.

"ಬಿಡಬ್ಯಾಡ ಕಸ್ತೂರಿ! ನೀನ ಹಿಡಿ!" ಚನಮಲ್ಲಪ್ಪ ಎದ್ದು ನಿಂತಿದ್ದರು. ಅವರು ಎದ್ದರೆಂದು ನೇಕಾರರೂ ಎದ್ದರು.

ಓಡುತ್ತಿದ್ದವಳು ಸಾಲಿನ ಆ ಬದಿಗೆ ನುಸುಳಿದಳು. ಬೆನ್ನಟ್ಟುವವಳು ಹಾಗೆ ನಡುವೆ ನುಸುಳುವಂತಿಲ್ಲ, ಕಂಬ ಸುತ್ತಿಯೇ ಬರಬೇಕು. ಕಸ್ತೂರಿ ಕಂಬದ ಕಡೆಗೇ ಓಡಿದಳು. ಸಾಲಿನ ತುದಿಯಲ್ಲಿ ಆ ಬದಿಗೆ ಮುಖ ಮಾಡಿ ಕೂತಿದ್ದ ರೇಣುಕಾ ಬೆನ್ನ ಹಿಂದೆ ಕೈ ತಂದು ಎರಡು ಬೆರಳು ಬಿಡಿಸಿದಳು. ಕಸ್ತೂರಿ ಖೋ ಎಂದು ಬೆನ್ನು ಮುಟ್ಟಿ ಕೂತುಬಿಟ್ಟಳು. ರೇಣುಕಾ ಎದ್ದು ಎರಡೇ ಹೆಜ್ಜೆಗೆ ಓಡುತ್ತಿದ್ದವಳನ್ನು ಮುಟ್ಟಿದಳು.

ಇಲ್ಲಿಗೇ ಮುಗಿದಿದ್ದರೆ ಎಲ್ಲರೂ ಸುಖವಾಗಿ ಮನೆಗೆ ಹೋಗುತ್ತಿದ್ದೆವು. ಆದರೆ ಬಹುಮಾನ ಕೊಡುವ ಪದ್ಧತಿಯೊಂದಿದೆ. ಮೈಕಿನಲ್ಲಿ "ವಿಜೇತ ತಂಡದ ನಾಯಕಿ ಕಸ್ತೂರಿ" ಎಂದು ಕೂಗಿದರು. ಮಾಲಕರ ಕೈ ಮೇಲೇರಿತು, ಚಪ್ಪಾಳೆ ಶುರುವಾಯಿತು. ಕಸ್ತೂರಿ ವೇದಿಕೆ ಹತ್ತಿದಳು. ಮುಖ್ಯ ಅತಿಥಿಗಳು ಕಪ್ಪನ್ನು ಮುಂದೆ ಚಾಚಿದರು. ಅವಳು ಕೈ ಚಾಚಲಿಲ್ಲ. ಮೊದಲು ಚಪ್ಪಾಳೆ ಹೊಡೆಯುತ್ತಿದ್ದವರ ಕಡೆ ನೋಡಿದಳು, ಆಮೇಲೆ ಅತಿಥಿಗಳ ಕಡೆ.

"ಇದು ರೇಣುಕಾಂದ್ರಿ. ನಾ ಪೇಪರದಾಗಷ್ಟ ಕ್ಯಾಪ್ಟನ್."

ಮೈಕು ಅತಿಥಿಗಳ ಎದುರಿಗೇ ಇದ್ದುದರಿಂದ ಮಾತು ಇಡೀ ಮೈದಾನಕ್ಕೆ ಕೇಳಿಸಿತು. ಈರಪ್ಪನ ಎರಡು ಕೈಗಳೂ ಕೂಡುವ ಮೊದಲೇ ನಿಂತವು. ಅವನು ಮಗಳನ್ನು ನೋಡಲಿಲ್ಲ, ಮಾಲಕರ ಮುಖ ನೋಡಿದ. ರೇಣುಕಾ ಕೂತಲ್ಲಿಂದ ಏಳಲಿಲ್ಲ. ಕಸ್ತೂರಿಯೇ ಇಳಿದು ಬಂದು, ಅವಳ ರಟ್ಟೆ ಹಿಡಿದು ಎಬ್ಬಿಸಿ, ವೇದಿಕೆಗೆ ಎಳೆದುಕೊಂಡು ಹೋದಳು. ಕಪ್ಪು ಕೊಡುವಾಗ ಚಪ್ಪಾಳೆ ಹೊಡೆದವಳು ನಾನೊಬ್ಬಳೇ. ಆಮೇಲೆ ಬೇರೆ ಶಾಲೆಯವರು ಹೊಡೆದರು.

ವೇದಿಕೆಯ ಮೇಲಿದ್ದ ಇಲಾಖೆಯ ಸಾಹೇಬರು ನನ್ನ ಕಡೆ ತಿರುಗಿ "ಏನ್ರೀ ಇದು?" ಎಂದರು.

"ಬರಿಯೂದ್ರಾಗ ತಪ್ಪಾಗೈತ್ರಿ ಸರ್."

"ತಿದ್ದಿ ಕೊಡ್ರಿ" ಎಂದರು. ಇಲಾಖೆಯ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು.

ಚನಮಲ್ಲಪ್ಪ ಟೆಂಪೊ ಹತ್ತಿದರು. ನೇಕಾರರೂ ಹತ್ತಿದರು, ಈರಪ್ಪ ಎಲ್ಲರಿಗಿಂತ ಕೊನೆಗೆ. ಟೆಂಪೊ ಹೋದ ಮೇಲೆ ನಾನು ಕಸ್ತೂರಿಯನ್ನು ಪಕ್ಕಕ್ಕೆ ಕರೆದೆ. "ಇನ್ನ ನಿಮ್ಮಪ್ಪ ಕಳಸಂಗಿಲ್ಲ, ಗೊತ್ತೈತಿಲ್ಲೋ?"

"ಗೊತ್ತೈತ್ರಿ."

"ಮತ್ತ ಯಾಕವಾ?"

ಅವಳು ಮೊಣಕಾಲಿನ ಮಣ್ಣು ಒರೆಸಿಕೊಂಡಳು. "ಆ ಕಪ್ಪ ನಾ ಒಯ್ದಿದ್ರ ಅಪ್ಪ ಅದನ್ನ ಶೆಡ್ಡಿನ್ಯಾಗ ಇಡತಿದ್ರಿ. ಈರಪ್ಪ ಕಾಕಾ ದಿನಾ ಅದನ್ನ ನೋಡ್ಕೊಂತ ನೇಯಬೇಕಾಗತಿತ್ತು."

ನನ್ನ ಕಣ್ಣಲ್ಲಿ ನೀರು ಬಂತು. ಪೀಟಿ ಅಕ್ಕೋರು ಅಳುವುದನ್ನು ಮಕ್ಕಳು ನೋಡಬಾರದೆಂದು ಸೀಟಿ ಊದಿ ಎಲ್ಲರನ್ನೂ ಸಾಲು ನಿಲ್ಲಿಸಿದೆ. ರೊಟ್ಟಿ ಹಂಚದೆ ಮೊದಲು ತಾನೇ ಉಣ್ಣುವ ಹುಡುಗಿಯಲ್ಲೂ ಇದು ಇರಬಹುದೆಂದು ನನ್ನ ಉಪಾಯ ಹೇಳಿರಲಿಲ್ಲ.

ಜಿಲ್ಲಾ ಪಂದ್ಯ ಬೀಳಗಿಯಲ್ಲಿ. ಅಲ್ಲಿ ಮೊದಲ ಆಟದಲ್ಲೇ ಸೋತೆವು, ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ಹೇಳಬೇಕಾದದ್ದು ಹೊರಟ ದಿನದ ಬೆಳಗಿನದು. ಬನಹಟ್ಟಿ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ಬಂದಿದ್ದರು, ಕಸ್ತೂರಿಯೊಬ್ಬಳು ಇರಲಿಲ್ಲ. ನಡುವಿನ ದಿನಗಳಲ್ಲಿ ಅವಳು ಶಾಲೆಗೂ ಬಂದಿರಲಿಲ್ಲ. ರೇಣುಕಾ ಬಸ್ಸಿನ ಬಾಗಿಲಲ್ಲಿ ನಿಂತು ರಸ್ತೆಯನ್ನೇ ನೋಡುತ್ತಿದ್ದಳು. ಕಂಡಕ್ಟರು "ಹತ್ತ್ರಿ ಅಕ್ಕೋರ, ನಿಮ್ಮ ಆಟಕ್ಕ ಬಸ್ಸು ನಿಲ್ಲಂಗಿಲ್ಲ" ಎಂದ. ನಾನು ಚಪ್ಪಲಿ ಕಿತ್ತಿದೆಯೆಂದು ಬಗ್ಗಿ ಸರಿಪಡಿಸುತ್ತ ನಿಂತೆ. ಚಪ್ಪಲಿ ಗಟ್ಟಿಯಾಗಿಯೇ ಇತ್ತು.

ಆಗ ಚನಮಲ್ಲಪ್ಪನವರ ಮೊಪೆಡ್ಡು ಬಂದು ನಿಂತಿತು. ಹಿಂದೆ ಕಸ್ತೂರಿ, ಮಡಿಲಲ್ಲಿ ದೊಡ್ಡ ಗಂಟು. ಆ ದಿನಗಳಲ್ಲಿ ಮನೆಯಲ್ಲಿ ಏನು ನಡೆಯಿತೆಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಊಟ ಬಿಟ್ಟು ಹಟ ಮಾಡಿರಲಿಲ್ಲ ಎಂಬುದು ಮಾತ್ರ ಖಚಿತ, ಅದು ಅವಳ ಜಾಯಮಾನವಲ್ಲ. ಚನಮಲ್ಲಪ್ಪ ಮಗಳ ಕೈಯಿಂದ ಗಂಟು ತೆಗೆದುಕೊಂಡರು. ನಾನು ಕೈ ಚಾಚಿದೆ. ನನಗೆ ಕೊಡಲಿಲ್ಲ. ಬಸ್ಸಿನ ಬಾಗಿಲ ಹತ್ತಿರ ಹೋಗಿ ನಿಂತರು.

"ರೊಟ್ಟಿ ಹಂಚೂದು ಕ್ಯಾಪ್ಟನ್ ಕೆಲಸ ಅಂತ ನಮ್ಮ ಮನಿಯಾಕಿ ಹೇಳಿದ್ಳು. ತೊಗೊರಿ."

ಹುಟ್ಟಿದಾಗಿನಿಂದ ರೇಣುಕಾ ಅವರ ಬಾಯಲ್ಲಿ ತನಗೆ 'ರಿ' ಎಂದದ್ದನ್ನು ಕೇಳಿರಲಿಲ್ಲ. ಯಾರಿಗೆ ಹೇಳಿದರೆಂದು ಒಮ್ಮೆ ಹಿಂದೆ ತಿರುಗಿ ನೋಡಿದಳು. ಆಮೇಲೆ ಎರಡೂ ಕೈಯಿಂದ ಗಂಟು ತೆಗೆದುಕೊಂಡಳು.

"ನಿಮ್ಮಪ್ಪಗ ಇವತ್ತ ಸೂಟಿ ಕೊಟ್ಟೇನಿ" ಎಂದರು ಚನಮಲ್ಲಪ್ಪ, ಮೊಪೆಡ್ಡನ್ನು ತಿರುಗಿಸಿಕೊಳ್ಳುತ್ತ. "ಮುಂದಿನ ಬಸ್ಸಿಗಿ ಬರ್ತಾನ. ಚಪ್ಪಾಳಿ ಹೊಡಿಬೇಕಲ್ಲ."

ಬಸ್ಸು ಹೊರಟಿತು. ಜಮಖಂಡಿ ಇನ್ನೂ ಬಂದಿರಲಿಲ್ಲ, ಕಸ್ತೂರಿ ಮುಂದಿನ ಸೀಟಿಗೆ ಬಾಗಿ, "ಏ ರೇಣಿ, ಹಸಿವಾಗೈತಿ, ಗಂಟ ಬಿಚ್ಚ" ಎಂದಳು.

"ತಡಿ. ಬೀಳಗಿಗಿ ಹೋಗಿ ಎಲ್ಲಾರೂ ಕೂಡೇ ಉಣ್ಣೂಣು."

ಗಂಟು ಕಸ್ತೂರಿಯ ಮನೆಯದು, ರೊಟ್ಟಿ ಅವಳ ಅವ್ವ ಬಡಿದದ್ದು. ಕಸ್ತೂರಿ ಗಂಟನ್ನೊಮ್ಮೆ ನೋಡಿದಳು, ರೇಣುಕಾಳನ್ನೊಮ್ಮೆ ನೋಡಿದಳು. ಆಮೇಲೆ ಸೀಟಿಗೆ ಒರಗಿ, ಬೀಳಗಿ ಬರುವವರೆಗೂ ತಡೆದಳು.